ಮರವೇರುವವನೇ ಮರದ ವೈದ್ಯ

ಮುಂಗಾರು ಮಳೆಗೆ ಇನ್ನು ಹದಿನೈದು ದಿನಗಳಿವೆ ಎನ್ನುವಾಗ ಕಾಸರಗೋಡು ಸೀಮೆಯ ಅಡಿಕೆ ತೋಟಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತದೆ: ‘ಮದ್ದು ಬಿಡಲು ಜನ ಸಿಕ್ಕಿದರೇ?’ ಮೈಲುತುತ್ತು ಮತ್ತು ಸುಣ್ಣ ಅಂಗಡಿಯಲ್ಲಿ ದೊರೆಯುತ್ತವೆ. ಪಂಪು ಮನೆಯಲ್ಲಿಯೇ ಇದೆ. ದೊರೆಯದಿರುವುದು ಮರವೇರುವ ಮನುಷ್ಯ. ತೆಂಗಿನ ತೋಟದ ಕಥೆಯೂ ಬೇರೆಯಲ್ಲ. ನಲವತ್ತೈದು ದಿನಗಳಿಗೊಮ್ಮೆ ಆಗಬೇಕಾದ ಕೊಯ್ಲು ಎರಡು ತಿಂಗಳು, ಮೂರು ತಿಂಗಳು ಮುಂದಕ್ಕೆ ಹೋಗುತ್ತದೆ; ಒಣಗಿದ ಕಾಯಿ ತಾನಾಗಿ ಬಿದ್ದಾಗ ಹೆಕ್ಕಿಕೊಳ್ಳುವುದೇ ಕೊಯ್ಲೆಂಬಂತಾಗಿದೆ.

ಇದನ್ನು ಕೂಲಿಯಾಳುಗಳ ಕೊರತೆಯೆಂದಷ್ಟೇ ಎಣಿಸುವುದು ವಾಡಿಕೆ. ಆದರೆ ಮರವೇರುವವನು ಬಾರದೆ ಇದ್ದಾಗ ತೋಟ ಕಳೆದುಕೊಳ್ಳುವುದು ಕೊಯ್ಲುಗಾರನನ್ನು ಮಾತ್ರವಲ್ಲ, ತನ್ನ ವೈದ್ಯನನ್ನೂ ಹೌದು.

ಮಾವು, ಹಲಸುಗಳ ಒಂದು ಕೊಂಬೆ ಮುರಿದರೆ ಇನ್ನೊಂದು ಚಿಗುರೀತು. ತೆಂಗು, ಅಡಿಕೆಗಳಿಗೆ ಆ ಭಾಗ್ಯವಿಲ್ಲ. ಅವುಗಳ ಬೆಳವಣಿಗೆಯೆಲ್ಲ ತುದಿಯಲ್ಲಿರುವ ಒಂದೇ ಒಂದು ಸುಳಿಯನ್ನು ಅವಲಂಬಿಸಿದೆ. ಸುಳಿ ಸತ್ತರೆ ಮರವೇ ಸತ್ತಂತೆ. ಆ ಸುಳಿಯಾದರೋ ನೆಲದಿಂದ ನಲವತ್ತು, ಐವತ್ತು, ಅರುವತ್ತು ಅಡಿಗಳಷ್ಟು ಮೇಲೆ, ಗರಿಗಳ ಮರೆಯಲ್ಲಿ ಅಡಗಿದೆ. ಕೆಳಗೆ ನಿಂತ ಯಜಮಾನನಿಗೆ ರೋಗ ಕಾಣಿಸುವಷ್ಟರಲ್ಲಿ ಬಹುಮಟ್ಟಿಗೆ ಕಾಲ ಮಿಂಚಿರುತ್ತದೆ. ಸಕಾಲದಲ್ಲಿ ಕಾಣಬಲ್ಲವನು ಮರವೇರಿದವನೊಬ್ಬನೇ.

ಬಲ್ಲವನು ಮೇಲೆ ಹೋದಾಗ ಮೊದಲು ನೋಡುವುದು ಸುಳಿಗರಿಯ ಬುಡವನ್ನು. ಅಲ್ಲಿ ಅಗಿದುಗಿದ ನಾರು ಕಂಡರೆ ಕುರುವಾಯಿ ದುಂಬಿ ಒಳಗೆ ಸೇರಿದೆಯೆಂದು ತಿಳಿಯುತ್ತಾನೆ. ಕಬ್ಬಿಣದ ಕೊಕ್ಕೆಯನ್ನು ತೂತಿಗಿಳಿಸಿ ಅದನ್ನು ಹೊರಗೆಳೆಯುತ್ತಾನೆ. ಬೇವಿನ ಹಿಂಡಿಯ ಪುಡಿಯನ್ನು ಮರಳಿನೊಡನೆ ಬೆರೆಸಿ ಮೇಲಿನ ಮೂರು ಗರಿಗಳ ಕಂಕುಳಲ್ಲಿ ತುಂಬುತ್ತಾನೆ. ಮಳೆಗಾಲದಲ್ಲಿ ಸುಳಿಗರಿ ಬಾಡಿ, ಎಳೆದೊಡನೆ ಕೈಗೆ ಬಂದು, ದುರ್ನಾತ ಬೀರಿದರೆ ಅದು ಸುಳಿಕೊಳೆ. ಆಗ ನಡೆಯುವುದು ಅಕ್ಷರಶಃ ಶಸ್ತ್ರಚಿಕಿತ್ಸೆ. ಹರಿತವಾದ ಕತ್ತಿಯಿಂದ ಕೊಳೆತ ಭಾಗವನ್ನೆಲ್ಲ ಕೆತ್ತಿ ತೆಗೆದು, ಆರೋಗ್ಯವುಳ್ಳ ಅಂಗಾಂಶ ಕಾಣಿಸಿದ ಬಳಿಕ ಶೇಕಡಾ 10ರ ಬೋರ್ಡೋ ಮುಲಾಮನ್ನು ಸವರಿ, ನೀರು ಒಳಗಿಳಿಯದಂತೆ ಪ್ಲಾಸ್ಟಿಕ್ ಹಾಳೆ ಹೊದೆಸಬೇಕು. ಹೊಸ ಸುಳಿ ಮೂಡುವವರೆಗೆ ಆ ಹೊದಿಕೆ ಇರಬೇಕು. ತಡವಾದರೆ ಚಿಕಿತ್ಸೆಯಿಲ್ಲ, ಕಡಿದು ಸುಡುವುದೊಂದೇ ದಾರಿ.

ಮಾಡಬಾರದ್ದನ್ನು ಅರಿತಿರುವುದೂ ಈ ವಿದ್ಯೆಯ ಭಾಗ. ಹತ್ತಲು ಅನುಕೂಲವೆಂದು ಕಾಂಡದಲ್ಲಿ ಮೆಟ್ಟಿಲು ಕಡಿಯುವುದು ಹಲವೆಡೆಯ ಹಳೆಯ ರೂಢಿ. ತಾಳೆಯ ಜಾತಿಯ ಮರಗಳಲ್ಲಿ ಆ ಗಾಯ ತೊಗಟೆ ಬೆಳೆದು ಮುಚ್ಚಿಕೊಳ್ಳುವುದಿಲ್ಲ; ಅದು ರಸ ಸೋರುವ ರೋಗಕ್ಕೂ ಕೆಂಪು ಮೂತಿ ಹುಳಕ್ಕೂ ತೆರೆದ ಬಾಗಿಲು. ಹಸಿ ಗರಿಯನ್ನು ಕಡಿಯಲೇಬೇಕಾಗಿ ಬಂದರೆ ದಂಟನ್ನು ಒಂದು ಮೀಟರಿಗಿಂತ ಉದ್ದವಾಗಿ ಉಳಿಸಬೇಕೆಂಬ ನಿಯಮವೂ ಇದೇ ಕಾರಣದ್ದು.

ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿಗೆ ಶತಮಾನ ದಾಟಿದ ಇತಿಹಾಸವಿದೆ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಕೊಳೆರೋಗದ ಬಗೆಗಿನ ತಮ್ಮ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಇಂದಿಗೂ ಪ್ರತಿ ಮನೆಗೂ ಬಾಯಿಪಾಠ. ದ್ರಾವಣ ಸರಿಯಾಗಿದೆಯೇ ಎಂದು ತಿಳಿಯಲು ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು–ನಲವತ್ತೈದು ದಿನ ಕಳೆದು ಇನ್ನೊಮ್ಮೆ ಸಿಂಪಡಿಸಬೇಕು. ಈ ಎರಡನೆಯ ಸರದಿಯೇ ಕಠಿಣ. ಕಾಂಡದ ಮೇಲೆ ಪಾಚಿ ಕಟ್ಟಿರುತ್ತದೆ; ಬಿಸಿಲು ಕಂಡ ಒಂದೆರಡು ಗಂಟೆಗಳಲ್ಲಿ ಕೆಲಸ ಮುಗಿಯಬೇಕು. ಕಾಲಿಗೊಂದು ತಳೆ, ಹೆಗಲಿಗೊಂದು ಕೊಳವೆ ಸಿಕ್ಕಿಸಿಕೊಂಡು ಏರಿದವನು ಒಂದು ಮರದ ತುದಿಯಿಂದ ತೂಗಿ ಇನ್ನೊಂದಕ್ಕೆ ದಾಟುತ್ತ ಹತ್ತಾರು ಮರಗಳನ್ನು ಮುಗಿಸಿ ಇಳಿಯುವ ದೃಶ್ಯ ನೋಡುವವರಿಗೆ ಬೆರಗು. ಮನೆಯಲ್ಲಿ ಕಾದಿರುವವರಿಗೆ ಭಯ.

ಆ ಭಯಕ್ಕೆ ಕಾರಣವಿದೆ. ಮರದಿಂದ ಬಿದ್ದವನು ಬದುಕಿದರೂ ಬೆನ್ನುಹುರಿಗೆ ಪೆಟ್ಟಾದರೆ ಜೀವನಪೂರ್ತಿ ಹಾಸಿಗೆಯೇ ಗತಿಯಾಗಬಹುದು. ದುಡಿಯುವ ಕೈ ಒಂದೇ ಇದ್ದ ಮನೆಯಲ್ಲಿ ಮಕ್ಕಳ ಓದು ನಿಲ್ಲುವುದು ಅಲ್ಲಿಂದಲೇ. ಇದರ ಜೊತೆಗೆ ಇನ್ನೊಂದು ನೋವೂ ಇತ್ತು. ಮರವೇರುವುದು ಕೆಲವು ಸಮುದಾಯಗಳ ಕುಲಕಸುಬೆಂದು ಎಣಿಸಲ್ಪಟ್ಟು, ಕೆಲಸದೊಂದಿಗೆ ಕೀಳುಭಾವವೂ ಅಂಟಿಕೊಂಡಿತ್ತು. ಓದಿದ ಮಗ ಈ ಕೆಲಸಕ್ಕೆ ಬಾರದಿರಲಿ ಎಂದು ತಂದೆಯೇ ಹಾರೈಸಿದ. ಆ ಹಾರೈಕೆಯನ್ನು ತಪ್ಪೆನ್ನಲು ಯಾರಿಗೂ ಅಧಿಕಾರವಿಲ್ಲ.

ಉತ್ತರ ಬರಬೇಕಾದದ್ದು ಸಾಧನ ಮತ್ತು ಶಿಕ್ಷಣಗಳಿಂದ. ಕಣ್ಣೂರು ಜಿಲ್ಲೆಯ ಚೆಂಬೇರಿಯಲ್ಲಿ ಕೃಷಿಕರೊಬ್ಬರು ರೂಪಿಸಿದ ಯಂತ್ರ ಈ ದಿಸೆಯಲ್ಲಿ ದೊಡ್ಡ ಹೆಜ್ಜೆ. ಎಡಗಾಲಿಗೊಂದು, ಬಲಗಾಲಿಗೊಂದು ಚೌಕಟ್ಟು. ಎರಡಕ್ಕೂ ಕಾಂಡವನ್ನು ಸುತ್ತುವ ಉಕ್ಕಿನ ಹಗ್ಗ. ಮೈಭಾರ ಬಿದ್ದಾಗ ಹಗ್ಗ ಬಿಗಿಯುತ್ತದೆ, ಭಾರ ತೆಗೆದಾಗ ಸಡಿಲುತ್ತದೆ. ಮೆಟ್ಟಿಲೇರಿದಂತೆ ನಿಂತೇ ಏರಬಹುದು. ಮರವೇರುವುದು ವಂಶದಿಂದ ಬರುವ ವಿದ್ಯೆ ಎಂಬ ನಂಬಿಕೆಯನ್ನು ಈ ಸರಳ ಯಂತ್ರ ಮುರಿಯಿತು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ಅರ್ಥದ ಹೆಸರಿನಲ್ಲಿ ಯುವಜನರಿಗೆ ಆರು ದಿನಗಳ ತರಬೇತಿಯನ್ನು ಆರಂಭಿಸಿದಾಗ ಈ ಯಂತ್ರವನ್ನೇ ಬಳಸಿತು. ಏರುವುದರ ಜೊತೆಗೆ ತಲೆ ಸವರುವುದು, ಕೀಟರೋಗಗಳನ್ನು ಗುರುತಿಸುವುದು, ಔಷಧ ಹಾಕುವುದು ಕೂಡ ಅಲ್ಲಿ ಪಾಠವಾಯಿತು. ಮಹಿಳೆಯರೂ ಕಲಿತು ಮರವೇರಿದರು.

ಯಂತ್ರವಿದ್ದ ಮಾತ್ರಕ್ಕೆ ಅಪಾಯ ಇಲ್ಲವಾಗುವುದಿಲ್ಲ. ನಿಂತು ಏರುವ ಯಂತ್ರದಲ್ಲಿ ಕೈ ಜಾರಿದರೆ ದೇಹ ಹಿಂದಕ್ಕೆ ವಾಲುತ್ತದೆ. ಆದ್ದರಿಂದ ಸೊಂಟದ ಪಟ್ಟಿಯನ್ನು ಮರಕ್ಕೆ ಬಳಸಿ ಕಟ್ಟಿಕೊಳ್ಳುವುದು ಅತ್ಯಗತ್ಯ. ಪ್ರತಿ ಮರಕ್ಕೂ ಬಿಚ್ಚಿ ಕಟ್ಟುವ ತಡ ತಪ್ಪಲೆಂದು ಪಟ್ಟಿಯನ್ನು ಕೆಳಗೆ ಬಿಟ್ಟುಹೋಗುವ ಮನಸ್ಸೇ ಇಲ್ಲಿ ದೊಡ್ಡ ಶತ್ರು. ಉಕ್ಕಿನ ಹಗ್ಗದ ಎಳೆಯೊಂದು ಹರಿದಿದ್ದರೂ ಆ ಯಂತ್ರ ಅಂದು ಬಳಕೆಗೆ ಯೋಗ್ಯವಲ್ಲ.

ಅಡಿಕೆ ಬೆಳೆಗಾರರು ಈಚಿನ ವರ್ಷಗಳಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ಕಾರ್ಬನ್ ಫೈಬರಿನ ಉದ್ದದ ದೋಟಿಯನ್ನು ಹಿಡಿದು ನೆಲದಲ್ಲಿ ನಿಂತೇ ಗೊನೆ ಇಳಿಸುವುದು, ಮದ್ದು ಬಿಡುವುದು ಈಗ ಸಾಧ್ಯ. ಇದು ಹಗುರ, ವಯಸ್ಸಾದವರಿಗೂ ಅನುಕೂಲ, ಬೀಳುವ ಭಯವಿಲ್ಲ. ಆದರೆ ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಗೊಡುತ್ತದೆ ಎಂಬ ಸಂಗತಿ ಎಲ್ಲರ ಗಮನಕ್ಕೆ ಬಂದಂತಿಲ್ಲ. ಬಿದಿರಿನ ದೋಟಿಯ ರೂಢಿಯಲ್ಲಿ ಬೆಳೆದವರು ತೋಟದ ಮೇಲೆ ಹಾದುಹೋದ ತಂತಿಯನ್ನು ಮರೆತರೆ ಒಂದು ಕ್ಷಣದಲ್ಲಿ ಪ್ರಾಣ ಹೋದೀತು. ಹಸಿ ಬಿದಿರೂ, ಅಲ್ಯೂಮಿನಿಯಂ ಏಣಿಯೂ ಅಷ್ಟೇ ಅಪಾಯಕರ. ತಂತಿಯ ಸಮೀಪದ ಮರಗಳನ್ನು ವಿದ್ಯುತ್ ಕಚೇರಿಗೆ ತಿಳಿಸಿ, ಸಂಪರ್ಕ ಕಡಿದ ನಂತರವೇ ಮುಟ್ಟಬೇಕು.

ತೋಟದ ಯಜಮಾನರ ಹೊಣೆಯೂ ಸಣ್ಣದಲ್ಲ. ಮಳೆ ಬಿಟ್ಟೊಡನೆ ಏರಿಸುವ ಆತುರ ಸಲ್ಲದು. ಒಬ್ಬನೇ ಇರುವಾಗ ಯಾರನ್ನೂ ಮರಕ್ಕೆ ಕಳುಹಿಸಬಾರದು. ಯಾರಾದರೂ ಬಿದ್ದರೆ ಎತ್ತಿ ಕೂರಿಸುವುದು, ಆಟೋದಲ್ಲಿ ಮಡಚಿ ಕೊಂಡೊಯ್ಯುವುದು ಬೆನ್ನುಹುರಿಯ ಗಾಯವನ್ನು ಹೆಚ್ಚಿಸುತ್ತದೆ. ಕುತ್ತಿಗೆ, ಬೆನ್ನು ಅಲುಗದಂತೆ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ಮರವೇರುವವರಿಗಾಗಿಯೇ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆಯಿದೆ. ವರ್ಷ ವರ್ಷ ಅದನ್ನು ನವೀಕರಿಸಿಕೊಳ್ಳಬೇಕು. ಏರುವವನ ಕೈಯಲ್ಲಿ ಕ್ರಮಬದ್ಧ ವಿಮೆಯಿದೆಯೇ ಎಂದು ಕೇಳುವುದು, ಇಲ್ಲವಾದರೆ ಅರ್ಜಿ ತುಂಬಲು ನೆರವಾಗುವುದು ಉಪಕಾರವಲ್ಲ, ಕರ್ತವ್ಯ. ಮನೆಯಲ್ಲಿ ಕನ್ನಡ ಓದಿದ ಮಕ್ಕಳಿದ್ದರೆ, ಬೇರೆ ಭಾಷೆಯ ನಮೂನೆಯ ಮುಂದೆ ತಡವರಿಸುವ ಹಿರಿಯರಿಗೆ ಅವರೇ ಬಲವಾಗಬಹುದು.

ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಆರಂಭವಾದದ್ದು 1916ರಲ್ಲಿ. ಅದೇ ಕೇಂದ್ರ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. ಇಷ್ಟು ಹತ್ತಿರದಲ್ಲಿ ಇಷ್ಟು ವರ್ಷಗಳ ಜ್ಞಾನ ಕೂಡಿಬಂದಿದ್ದರೂ ಅದು ಮರದ ತುದಿಯನ್ನು ಮುಟ್ಟಬೇಕಾದರೆ ಒಬ್ಬ ಮನುಷ್ಯ ಅದನ್ನು ಹೊತ್ತು ಏರಲೇಬೇಕು. ಆ ಮನುಷ್ಯ ಕೆಳಗಿಳಿದಾಗ ಕಾಯಿ ಎಣಿಸಿ ಕೂಲಿ ಕೊಟ್ಟು ಕಳುಹಿಸುವುದೇ ಬಹುತೇಕ ಮನೆಗಳ ಪದ್ಧತಿ. ಅದಕ್ಕೆ ಮುನ್ನ ಒಂದು ಲೋಟ ನೀರು ಕೊಟ್ಟು, ‘ಮೇಲೆ ಸುಳಿ ಹೇಗಿದೆ?’ ಎಂದು ಕೇಳಿದರೆ ಸಾಕು. ಮರವೂ ಉಳಿದೀತು, ವಿದ್ಯೆಯೂ ಉಳಿದೀತು.