ಲೆಕ್ಕಕ್ಕೆ ಸಿಗದ ರಾಗಿ

2004ರ ಸುಮಾರಿನ ಮಾತು. ಹುಣಸೂರಿನಲ್ಲಿ ಕಂಪ್ಯೂಟರ್ ರಿಪೇರಿ, ಪಾಠ ಎರಡನ್ನೂ ಮಾಡ್ಕೊಂಡಿದ್ದೆ. ಹತ್ತಿರದ ಒಂದು ಸಹಕಾರ ಸಂಘದವರು ಕರೆಸಿ, "ಸರ್ವರ್ ತರೋಣ ಅಂತಿದೀವಿ. ವಿಂಡೋಸ್ ಹಾಕ್ಸೋದಾ, ಆ ಪುಕ್ಕಟೆ ಲಿನಕ್ಸ್ ಹಾಕ್ಸೋದಾ? ನೀನೇ ಹೇಳಪ್ಪ" ಅಂದರು. ಸರ್ವರ್ ಅಂದರೆ ಕಚೇರಿಯ ಎಲ್ಲ ಕಂಪ್ಯೂಟರುಗಳಿಗೂ ಕಡತ ಬಡಿಸುವ ಯಂತ್ರ. ಅದನ್ನು ನಡೆಸುವ ಮೂಲ ತಂತ್ರಾಂಶ ಯಾವುದಿರಬೇಕು ಅನ್ನೋದೇ ಪ್ರಶ್ನೆ.

ನಾನು ಭಾರೀ ಜಾಣನ ಹಾಗೆ ಒಂದು ಸಮೀಕ್ಷೆಯನ್ನು ಪ್ರಿಂಟ್ ತೆಗೆದುಕೊಂಡು ಹೋದೆ. ಐಡಿಸಿ ಎಂಬ ಅಮೆರಿಕದ ಸಂಸ್ಥೆ 2002ರಲ್ಲಿ ಹೊರತಂದದ್ದು. ಐದು ಬಗೆಯ ಕೆಲಸಗಳಿಗೆ ಐದು ವರ್ಷದ ಖರ್ಚು ಕೂಡಿಸಿದರೆ ನಾಲ್ಕರಲ್ಲಿ ವಿಂಡೋಸ್ 2000 ಅಗ್ಗ, ವೆಬ್ ಕೆಲಸದಲ್ಲಿ ಮಾತ್ರ ಲಿನಕ್ಸ್ ಅಗ್ಗ ಅಂತ ಅದರಲ್ಲಿತ್ತು. ಸಂಘದವರು ನಂಬಿ ಲೈಸೆನ್ಸಿಗೆ ಹಣ ಕಟ್ಟಿದರು. ಹೊಗೆಸೊಪ್ಪು, ರಾಗಿ ಬೆಳೆದು ಷೇರು ಕಟ್ಟಿದವರ ಹಣ.

ಆ ಸಮೀಕ್ಷೆಗೆ ದುಡ್ಡು ಕೊಟ್ಟದ್ದು ಮೈಕ್ರೋಸಾಫ್ಟ್ ಅಂತ ಆಮೇಲೆ ತಿಳಿಯಿತು. ಅದಕ್ಕಿಂತ ನನ್ನನ್ನು ಚುಚ್ಚಿದ್ದು ಇನ್ನೊಂದು. ಆ ಖರ್ಚಿನ ದೊಡ್ಡ ಪಾಲು ಸರ್ವರ್ ನೋಡಿಕೊಳ್ಳುವ ನೌಕರರ ಸಂಬಳ, ಅದೂ ಅಮೆರಿಕದ ಸಂಬಳ! ಅಲ್ಲಿ ಆಳು ದುಬಾರಿ, ಲೈಸೆನ್ಸ್ ಸಣ್ಣ ಬಾಬತ್ತು. ನಮ್ಮಲ್ಲಿ ಎಲ್ಲ ತಿರುಗುಮುರುಗು. ಸಂಘ ನನಗೆ ಕೊಡುತ್ತಿದ್ದ ಸಂಭಾವನೆ ನನಗಲ್ಲದೆ ಬೇರೆ ಯಾರಿಗೆ ಗೊತ್ತಿರಬೇಕಿತ್ತು, ಹೇಳಿ?

ದುಡ್ಡು ಕೊಟ್ಟು ಮಾಡಿಸಿದ್ದೆಲ್ಲ ಸುಳ್ಳು ಅಂತಲ್ಲ. 1999ರಲ್ಲಿ ಮೈಂಡ್‌ಕ್ರಾಫ್ಟ್ ಎಂಬ ಸಂಸ್ಥೆ, ಅದೂ ಮೈಕ್ರೋಸಾಫ್ಟ್ ಹಣದಲ್ಲೇ, ಲಿನಕ್ಸಿಗಿಂತ ವಿಂಡೋಸ್ ಎನ್‌ಟಿ ವೇಗವಾಗಿದೆ ಅಂತ ಸಾರಿತು. ಲಿನಕ್ಸಿನವರು ಕೂಗಾಡಿದರು. ಬೇರೆಯವರು ಮತ್ತೆ ಪರೀಕ್ಷಿಸಿದಾಗಲೂ ಎನ್‌ಟಿಯೇ ಗೆದ್ದಿತು. ಆದರೆ 2004ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಮೈಕ್ರೋಸಾಫ್ಟಿನ ಒಂದು ಜಾಹೀರಾತನ್ನು ತಪ್ಪೆಂದಿತು. ಲಿನಕ್ಸ್ ಹತ್ತು ಪಟ್ಟು ದುಬಾರಿ ಎಂದು ತೋರಿಸಲು ಅವರು ಲಿನಕ್ಸನ್ನು ಐಬಿಎಂನ ಭಾರೀ ಮೇನ್‌ಫ್ರೇಮ್ ಮೇಲೆ, ವಿಂಡೋಸನ್ನು ಸಾಧಾರಣ ಯಂತ್ರದ ಮೇಲೆ ಇಟ್ಟು ತೂಗಿದ್ದರು. ಲಾರಿಗೂ ಸ್ಕೂಟರಿಗೂ ಡೀಸೆಲ್, ಪೆಟ್ರೋಲ್ ಖರ್ಚು ಹೋಲಿಸಿದ ಹಾಗೆ.

ಇನ್ನು 'ಮಾರುಕಟ್ಟೆ ಪಾಲು' ಅನ್ನೋ ಲೆಕ್ಕ. ಪಿರಿಯಾಪಟ್ಟಣದ ಹತ್ತಿರ ನಮ್ಮ ಹೊಲದಲ್ಲಿ ಅಪ್ಪ ವರ್ಜೀನಿಯಾ ಹೊಗೆಸೊಪ್ಪು, ರಾಗಿ ಎರಡೂ ಹಾಕುತ್ತಿದ್ದರು. ಹೊಗೆಸೊಪ್ಪು ತಂಬಾಕು ಮಂಡಳಿಯ ಹರಾಜಿಗೆ ಹೋಗುತ್ತಿತ್ತು. ನಮ್ಮ ರಾಜ್ಯದಲ್ಲಿ ಈ ಹರಾಜು ಶುರುವಾದದ್ದು 1984ರಲ್ಲಿ. ಪ್ರತಿ ಬೇಲಿಗೂ ತೂಕ, ದರ, ಚೀಟಿ. ರಾಗಿ ಮಾತ್ರ ನೇರ ಮನೆಯ ಕಣಜಕ್ಕೆ, ಅಲ್ಲಿಂದ ಮುದ್ದೆಗೆ. ಚೀಟಿ ಮಾತ್ರ ನೋಡಿದವನಿಗೆ ನಾವು ರಾಗಿ ಬೆಳೆದೇ ಇಲ್ಲ! ಸರ್ವರ್ ಮಾರಾಟ ಎಣಿಸುವವರದ್ದೂ ಇದೇ ಕತೆ. ಒಂದೇ ಲಿನಕ್ಸ್ ಸಿಡಿಯನ್ನು ಹತ್ತು ಯಂತ್ರಕ್ಕೆ ಹಾಕಬಹುದು, ಬಿಲ್ ಇಲ್ಲ. ವಿಂಡೋಸ್ ಜೊತೆ ಕೊಂಡು, ಅಳಿಸಿ, ಲಿನಕ್ಸ್ ಹಾಕಿದರೂ ಮಾರಾಟದ ಪಟ್ಟಿಯಲ್ಲಿ ಅದು ವಿಂಡೋಸೇ.

ಮಾರಾಟ ಬಿಟ್ಟು ವೆಬ್‌ಸೈಟುಗಳನ್ನೇ ಎಣಿಸಿದರೆ? ನೆಟ್‌ಕ್ರಾಫ್ಟ್ ಹಾಗೆ ಎಣಿಸುತ್ತಿತ್ತು. ಅಲ್ಲೂ ಪೇಚು. 2006ರಲ್ಲಿ ಗೋಡ್ಯಾಡಿ ಕಂಪನಿ ತನ್ನ ಲಕ್ಷಗಟ್ಟಲೆ ಖಾಲಿ ವೆಬ್‌ಸೈಟುಗಳನ್ನು ಅಪಾಚೆಯಿಂದ ಮೈಕ್ರೋಸಾಫ್ಟ್ ಸರ್ವರಿಗೆ ಸಾಗಿಸಿತು. ಒಂದೇ ತಿಂಗಳಲ್ಲಿ ಜಗತ್ತಿನ ಅಂಕಿಅಂಶವೇ ಅಲುಗಾಡಿತು. ಖಾಲಿ ಸೈಟಿಗೆ ಬೇಲಿ ಹಾಕಿದ್ದನ್ನೂ ಮನೆ ಅಂತ ಎಣಿಸಿದರೆ ಇನ್ನೇನಾಗುತ್ತೆ? ಕೆ.ಆರ್. ನಗರದ ನಾಲೆ ಬಯಲಲ್ಲಿ ನಿಂತವನು ಮೈಸೂರು ಜಿಲ್ಲೆ ಪೂರಾ ಭತ್ತ ಅಂತಾನೆ, ಎಚ್.ಡಿ. ಕೋಟೆಯಲ್ಲಿ ನಿಂತವನು ಹತ್ತಿ ಅಂತಾನೆ.

ಕೆಲವು ವರ್ಷದ ಮೇಲೆ ಸಂಘಕ್ಕೆ ಎರಡನೇ ಸರ್ವರ್ ಬೇಕಾಯಿತು. "ಈ ಸಲ ರಿಪೋರ್ಟ್ ತಂದಿಲ್ವಾ?" ಅಂತ ಕಾರ್ಯದರ್ಶಿ ಕಿಚಾಯಿಸಿದರು. ಮೂಲೆಗೆ ಬಿದ್ದಿದ್ದ ಹಳೇ ಮೆಷಿನ್ನಿಗೆ ಲಿನಕ್ಸ್ ಹಾಕಿ, ಅವರದೇ ಕಡತಗಳನ್ನು ಮೂರು ತಿಂಗಳು ಅದರಲ್ಲಿ ಓಡಿಸಿ ತೋರಿಸಿದೆ. ಕಡತ ಹಂಚಿಕೆಗೆ, ಬ್ಯಾಕಪ್ಪಿಗೆ ಧಾರಾಳ ಸಾಕಾಯಿತು. ಸಾಲದ ಲೆಕ್ಕದ ತಂತ್ರಾಂಶ ವಿಂಡೋಸಿಗೆಂದೇ ಬರೆದದ್ದು, ಹಾಗಾಗಿ ಅದನ್ನು ಅಲ್ಲೇ ಬಿಟ್ಟೆ. ಲಿನಕ್ಸಿನಲ್ಲಿ ಕಡತ ಹಂಚುವ ತಂತ್ರಾಂಶದ ಹೆಸರು ಸಾಂಬಾ. ಅಧ್ಯಕ್ಷರು ಕೊನೇವರೆಗೂ, "ಸಾಂಬಾರ್ ಆನ್ ಆಗಿದ್ಯಾ ನೋಡ್ರೋ" ಅಂತಲೇ ಕೇಳುತ್ತಿದ್ದರು.