ಬಕಗಳ ಖಾನೇಷುಮಾರಿ

ಕಪಟಿಯನ್ನು ಕಂಡರೆ 'ಬಕಧ್ಯಾನ'ವೆಂದು ಹಾಸ್ಯಮಾಡುವುದು ನಮ್ಮಲ್ಲಿ ವಾಡಿಕೆ. ಬಡಪಕ್ಷಿಯ ಮೇಲೆ ನಾವು ಹೊರಿಸಿರುವ ಅಪವಾದವಿದು. ಅದು ನಿಶ್ಚಲವಾಗಿ ನಿಲ್ಲುವುದು ಹೊಟ್ಟೆಯ ಪಾಡಿಗಾಗಿ. (ಮೀನುಗಳನ್ನು ಕೇಳಿದರೆ ಬೇರೆ ಮಾತು ಬಂದೀತು!)

ನಮ್ಮ ಕೆರೆಗಳಲ್ಲಿ ಕಾಣುವ ಬೂದುಬಕವೇ ಇಂಗ್ಲೆಂಡಿನಲ್ಲಿಯೂ ಉಂಟು. 1928ನೆಯ ಇಸವಿಯಲ್ಲಿ ಮ್ಯಾಕ್ಸ್ ನಿಕಲ್ಸನ್ ಎಂಬ ತರುಣನು ಅಲ್ಲಿ ಈ ಪಕ್ಷಿಗಳ ಖಾನೇಷುಮಾರಿಯನ್ನು ಆರಂಭಿಸಿದನು. ಹಾರಾಡುವ ಬಕಗಳನ್ನು ಎಣಿಸುವುದು ಯಾರಿಂದಾದೀತು? ಆದರೆ ಅವು ವರ್ಷವರ್ಷವೂ ಅವೇ ಮರಗಳಿಗೆ ಬಂದು ಗುಂಪುಗುಂಪಾಗಿ ಗೂಡುಕಟ್ಟುವುದರಿಂದ, ಸಂಸಾರ ಹೂಡಿರುವ ಗೂಡುಗಳನ್ನು ಎಣಿಸಿದರೆ ಸಾಕು. ಸಂಬಳವಿಲ್ಲದ ಪಕ್ಷಿಪ್ರಿಯರು ಆ ಲೆಕ್ಕವನ್ನು ಇಂದಿಗೂ ನಡೆಯಿಸಿಕೊಂಡು ಬಂದಿದ್ದಾರೆ. ಹಕ್ಕಿಗಳ ಸಂತಾನವನ್ನು ಕುರಿತು ಇಷ್ಟು ದೀರ್ಘಕಾಲ ನಡೆದ ಎಣಿಕೆಗಳು ಪ್ರಪಂಚದಲ್ಲಿಯೇ ಅಪರೂಪ.

ಹೀಗೆ ಎಣಿಸಲ್ಪಡುವ ಬಕಗಳ ಬೀಡುಗಳಲ್ಲಿ ಲಂಡನ್ ಮಹಾನಗರದೊಳಗಣ ವಾಲ್ಥಮ್‌ಸ್ಟೋ ಒಂದು. ಪುರಜನರಿಗೆ ಕುಡಿಯುವ ನೀರೊದಗಿಸಲು ಲೀ ನದಿಯ ಕಣಿವೆಯಲ್ಲಿ ಹಿಂದೆ ಕಟ್ಟಿದ ಜಲಾಶಯಗಳಿವು. ಅವುಗಳ ನಡುಗಡ್ಡೆಗಳ ಮರಗಳಲ್ಲಿ ಬಕಗಳು ಮನೆಮಾಡಿವೆ. ಸುತ್ತಲೂ ನೀರು, ಬೆಕ್ಕಿಗೂ ನರಿಗೂ ತುಂಟ ಹುಡುಗರಿಗೂ ದಾರಿ ಸುಲಭವಲ್ಲ. 2017ರಲ್ಲಿ ಈ ಸ್ಥಳವನ್ನು ಸಾರ್ವಜನಿಕರ ವಿಹಾರಕ್ಕೆ ತೆರೆದರು.

ಬಕಕ್ಕೆ ನಿಜವಾದ ಶತ್ರು ಚಳಿ. ಹಿಮವನ್ನು ಅದು ಸಹಿಸೀತು, ಹಸಿವನ್ನು ಸಹಿಸಲಾರದು. ಅಂಚಿನ ತೆಳುನೀರು ಮೊದಲು ಹೆಪ್ಪುಗಟ್ಟುವುದು. ಬಕದ ಅನ್ನವಿರುವುದೂ ಅಲ್ಲಿಯೇ. 1962-63ರ ಘೋರ ಚಳಿಗಾಲದಲ್ಲಿ ವಾರಗಟ್ಟಲೆ ಕೆರೆಕೊಳಗಳು ಕಲ್ಲಾದುವು. ವಸಂತದಲ್ಲಿ ಎಣಿಸಿದಾಗ ಬ್ರಿಟನ್ನಿನ ಬಕಸಂಸಾರಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದಿದ್ದುವು. ಹಿಂದಿನ ದುರ್ಭಿಕ್ಷಗಳಿಗಿಂತ ಈ ಸಲ ಚೇತರಿಕೆಯೂ ನಿಧಾನವಾಯಿತು. ಹೊಲಗಳಿಗೆ ಹಾಕಿದ ಕೀಟನಾಶಕಗಳು ನೀರಿಗಿಳಿದು, ಮೀನಿನ ಮೂಲಕ ಬಕದ ಒಡಲನ್ನು ಸೇರಿ, ಮೊಟ್ಟೆಯ ಚಿಪ್ಪನ್ನು ತೆಳುವಾಗಿಸಿದ್ದುವು. ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುವುದೆಂದರೆ, ಗೃಹಸ್ಥರಾದ ನಮ್ಮ ವಾಚಕರು ಆ ಸಂಕಟವನ್ನು ಊಹಿಸಬಲ್ಲರು. ಗೂಡು ಎಣಿಸುವ ಕೆಲಸವನ್ನು ವ್ಯರ್ಥ ಕಾಲಹರಣವೆಂದು ನಗುವವರಿಗೆ ನಾವು ಇದೊಂದನ್ನೇ ತೋರಿಸುವೆವು: ಹಳೆಯ ಲೆಕ್ಕವಿಲ್ಲದಿದ್ದರೆ ಚೇತರಿಕೆ ತಡವಾಯಿತೆಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ.

ಆ ವಿಷಗಳಿಗೆ ತಡೆಬಿದ್ದು, ನದಿಗಳು ತಿಳಿಯಾದ ಮೇಲೆ ಬಕಗಳು ಮತ್ತೆ ಹೆಚ್ಚಿದುವು. ಈ ಶತಮಾನದ ಆರಂಭದಿಂದೀಚೆಗೆ ಸಂಖ್ಯೆಯು ಪುನಃ ಕೊಂಚ ಇಳಿಮುಖವಾಗಿದೆ.

ನೆರೆಹೊರೆಯೂ ಮೊದಲಿನಂತಿಲ್ಲ. 1996ರಲ್ಲಿ ಬ್ರಿಟನ್ನಿನಲ್ಲಿ ಮೊದಲಬಾರಿಗೆ ಮರಿಮಾಡಿದ ಪುಟ್ಟ ಬೆಳ್ಳಕ್ಕಿಯು ಈಗ ವಾಲ್ಥಮ್‌ಸ್ಟೋವಿನ ನಡುಗಡ್ಡೆಗಳಲ್ಲಿಯೂ ಬಿಡಾರ ಹೂಡಿದೆ. ನೀರುಕಾಗೆಗಳೂ ಅಲ್ಲಿಯೇ ಇವೆ. ಅವುಗಳ ಹಿಕ್ಕೆಗೆ ಮರಗಳೇ ಒಣಗುವುದುಂಟು. ಬಕವಾದರೋ ಇವರೆಲ್ಲರಿಗಿಂತ ಮುಂಚೆ, ಫೆಬ್ರವರಿಯ ಚಳಿಯಲ್ಲಿಯೇ, ಕೊಂಬೆಗೊಂದು ಕಡ್ಡಿಯನ್ನು ಹೊತ್ತು ತಂದು ಹಳೆಯ ಗೂಡನ್ನು ದುರಸ್ತಿಮಾಡತೊಡಗುತ್ತದೆ.