ಸೈಟೊಕೈನ್‌ಗಳೂ ಬೆಂಗಳೂರಿನ ಒಂದು ಮದ್ದೂ

ರೋಗನಿರೋಧಕ ಕೋಶಗಳು ಪರಸ್ಪರ ಸುದ್ದಿ ಮುಟ್ಟಿಸಲು ಸ್ರವಿಸುವ ಪುಟ್ಟ ಪ್ರೋಟೀನುಗಳೇ ಸೈಟೊಕೈನ್‌ಗಳು. ಸೋಂಕು ತಗುಲಿದಾಗ ಜ್ವರ, ಬಾವು ತರಿಸುವುದು ಇವೇ. ಸೋಂಕಿಲ್ಲದೆಯೂ ಸ್ರವಿಸುತ್ತಲೇ ಇದ್ದರೆ ದೇಹದ ಅಂಗಾಂಶಕ್ಕೇ ಹಾನಿ. ಹೀಗೆ ಹಾನಿಯಾಗುವ ಚರ್ಮರೋಗ ಸೋರಿಯಾಸಿಸ್‌ನಲ್ಲಿ ಚರ್ಮದ ಕೋಶಗಳು ತಿಂಗಳ ಬದಲು ಕೆಲವೇ ದಿನಗಳಲ್ಲಿ ಬೆಳೆದು ಮೇಲೆ ಬರುತ್ತವೆ. ಮೊಣಕೈ, ಮೊಣಕಾಲು, ನೆತ್ತಿಯ ಮೇಲೆ ಬಿಳಿ ಹೊಟ್ಟು ಉದುರುವ ಕೆಂಪು ಕಲೆಗಳೇಳುತ್ತವೆ. ಬೆಂಗಳೂರಿನ ಬಯೋಕಾನ್ ಕಂಪನಿ ಕ್ಯೂಬಾದ ವಿಜ್ಞಾನಿಗಳೊಡನೆ ರೂಪಿಸಿದ ಇಟೊಲಿಜುಮ್ಯಾಬ್ ಎಂಬ ಮದ್ದು 2013ರಲ್ಲಿ ಈ ಕಾಯಿಲೆಗೆಂದು ಭಾರತದಲ್ಲಿ ಬಿಡುಗಡೆಯಾಯಿತು. ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳ ಮೇಲಿರುವ ಸಿಡಿ6 ಎಂಬ ಪ್ರೋಟೀನಿಗೆ ಅಂಟಿಕೊಂಡು, ಅದು ಸೈಟೊಕೈನ್‌ಗಳ ಉತ್ಪತ್ತಿಯನ್ನೇ ತಗ್ಗಿಸುತ್ತದೆ. 2020ರ ಜುಲೈನಲ್ಲಿ ಕೋವಿಡ್ ರೋಗಿಗಳ ಸೈಟೊಕೈನ್ ಅತಿರೇಕಕ್ಕೂ ಅದರ ತುರ್ತು ಬಳಕೆಗೆ ಅನುಮತಿ ಸಿಕ್ಕಿತು. ಆದರೆ ಅದಕ್ಕೆ ಆಧಾರವಾದ ಪ್ರಯೋಗದಲ್ಲಿದ್ದವರು 30 ರೋಗಿಗಳು ಮಾತ್ರ. ಸಾವು-ಬದುಕಿನ ಪ್ರಶ್ನೆಗೆ ಇಷ್ಟು ಸಣ್ಣ ಪ್ರಯೋಗ ಖಂಡಿತ ಸಾಲದು. ಕೇಂದ್ರದ ಕೋವಿಡ್ ಕಾರ್ಯಪಡೆ ಈ ಮದ್ದನ್ನು ಚಿಕಿತ್ಸಾ ಮಾರ್ಗಸೂಚಿಗೆ ಸೇರಿಸಲಿಲ್ಲ.